ಭೂಮ್ಯುದಯದ ಚಿತ್ರ ಯಾರ ಸೊತ್ತು?

ಚಂದ್ರನ ಬೂದುಬಣ್ಣದ ದಿಗಂತದ ಮೇಲೆ ನೀಲಿಯ ಭೂಗೋಳವು ಮೇಲೇಳುತ್ತಿರುವ ಚಿತ್ರವನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಶಾಲೆಯ ಪುಸ್ತಕದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ಅಂಗಡಿಯ ಜಾಹೀರಾತಿನಲ್ಲಿ ಅದು ಎದುರಾಗುತ್ತದೆ. ಆದರೆ ಅದರ ಕೆಳಗೆ ತೆಗೆದವರ ಹೆಸರಾಗಲಿ ತೆಗೆದ ದಿನವಾಗಲಿ ಇರುವುದು ಅಪರೂಪ. ನಮ್ಮ ಮನೆಯ ಹುಡುಗನಿಗೆ ಬಹುಮಾನವಾಗಿ ಬಂದ ಪುಸ್ತಕವೊಂದರಲ್ಲಿ, ಇದು 1969ರಲ್ಲಿ ಚಂದ್ರನ ನೆಲದ ಮೇಲೆ ನಿಂತು ತೆಗೆದುದೆಂದು ಅಚ್ಚಾಗಿದ್ದಿತು. ಈ ಚಿತ್ರವು ಸರ್ವರ ಸೊತ್ತಾದುದು ಹೇಗೆ, ಹಾಗಾದ ಮೇಲೆ ಅದರ ಪೂರ್ವೋತ್ತರಕ್ಕೆ ಏನು ಗತಿಯಾಯಿತು ಎಂಬುದನ್ನು ವಿಚಾರಿಸಬೇಕೆಂಬ ಬಯಕೆ ನನಗೆ ಹುಟ್ಟಿದುದು ಆ ತಪ್ಪಿನಿಂದಲೇ.

1968ನೆಯ ಇಸವಿ ಡಿಸೆಂಬರ್ 24. ನಮ್ಮ ದೇಶದ ಗಡಿಯಾರದಂತೆ ರಾತ್ರಿ ಸುಮಾರು 10 ಗಂಟೆ 10 ನಿಮಿಷ. ಫ್ರಾಂಕ್ ಬೋರ್ಮನ್, ಜೇಮ್ಸ್ ಲೊವೆಲ್, ವಿಲಿಯಂ ಆಂಡರ್ಸ್ ಎಂಬ ಮೂವರನ್ನು ಹೊತ್ತ ಅಪೊಲೊ 8 ನೌಕೆಯು ಚಂದ್ರನನ್ನು ನಾಲ್ಕನೆಯ ಸಲ ಸುತ್ತುತ್ತಿದ್ದಿತು. ಅವರ ಛಾಯಾಗ್ರಹಣದ ಮುಖ್ಯ ಕಾರ್ಯ ಚಂದ್ರನ ನೆಲವನ್ನು ಚಿತ್ರಿಸುವುದು. ಬೋರ್ಮನ್ನರು ನೌಕೆಯನ್ನು ಮೆಲ್ಲನೆ ಹೊರಳಿಸುತ್ತಿದ್ದ ವೇಳೆ ಆಂಡರ್ಸರ ಪಕ್ಕದ ಕಿಟಕಿಯಲ್ಲಿ ಭೂಮಿಯು ಕಾಣಿಸಿಕೊಂಡಿತು. ಅವರ ಕೈಯಲ್ಲಿದ್ದ ಹ್ಯಾಸಲ್‌ಬ್ಲಾಡ್ ಕ್ಯಾಮರಾದಲ್ಲಿ ಇದ್ದುದು ಕಪ್ಪುಬಿಳುಪಿನ ಫಿಲ್ಮು. ಅದರಲ್ಲಿಯೇ ಒಂದು ಚಿತ್ರ ತೆಗೆದು, ಬಣ್ಣದ ಫಿಲ್ಮಿಗಾಗಿ ಅವಸರಪಡಿಸಿದರು; ಲೊವೆಲ್ಲರು ಹುಡುಕಿ ಕೊಟ್ಟರು. ಒಂದು ನಿಮಿಷ ತಡವಾಗಿದ್ದರೆ ಲೋಕವು ಇಂದು ನೋಡುತ್ತಿರುವ ಚಿತ್ರವೇ ಇರುತ್ತಿರಲಿಲ್ಲವೇನೋ!

ಇಂಥ ಚಿತ್ರವನ್ನು ಖಾಸಗಿ ಪತ್ರಿಕೆಯವನೊಬ್ಬನು ತೆಗೆದಿದ್ದರೆ ಅದರ ಪ್ರತಿಯೊಂದು ಮುದ್ರಣಕ್ಕೂ ಹಣ ತೆರಬೇಕಾಗುತ್ತಿದ್ದಿತು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದ 1909ರ ಕಾಯಿದೆಯೇ ಸರ್ಕಾರದ ಪ್ರಕಟಣೆಗಳಿಗೆ ಗ್ರಂಥಸ್ವಾಮ್ಯವಿಲ್ಲವೆಂದು ವಿಧಿಸಿದ್ದಿತು. ಸರ್ಕಾರದ ನೌಕರರು ಕರ್ತವ್ಯದ ಅಂಗವಾಗಿ ರಚಿಸಿದುದಕ್ಕೆ ಸ್ವಾಮ್ಯವಿಲ್ಲವೆಂದು 1976ರ ಕಾಯಿದೆಯ 105ನೆಯ ಕಲಮು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮೇಲಾಗಿ, ನಾಸಾ ಸಂಸ್ಥೆಯನ್ನು ಹುಟ್ಟಿಸಿದ 1958ರ ಶಾಸನವೇ ಅದರ ಕಾರ್ಯಗಳ ಫಲವನ್ನು ಸಾಧ್ಯವಾದಷ್ಟು ವಿಸ್ತಾರವಾಗಿ ಹರಡತಕ್ಕದ್ದೆಂದು ಆಜ್ಞಾಪಿಸಿದ್ದಿತು. ಪ್ರಜೆಗಳ ತೆರಿಗೆಯಿಂದ ಆದುದು ಪ್ರಜೆಗಳಿಗೇ ಸೇರಬೇಕೆಂಬ ಈ ನ್ಯಾಯವು ನನಗಂತೂ ಬಹಳ ಮೆಚ್ಚಿಕೆಯಾಗಿದೆ. ನಮ್ಮಲ್ಲಿ ಹಾಗಿಲ್ಲ: 1957ರ ಭಾರತೀಯ ಕಾಯಿದೆಯಂತೆ ಸರ್ಕಾರಿ ಕೃತಿಗೂ ಪ್ರಕಟವಾದ ಮೇಲೆ 60 ವರ್ಷಗಳ ಸ್ವಾಮ್ಯವುಂಟು. ಆದುದರಿಂದ ಅಲ್ಲಿಯ ನಿಯಮವನ್ನು ಇಲ್ಲಿಯ ಚಿತ್ರಗಳಿಗೆ ಅನ್ವಯಿಸಹೋಗಬಾರದು.

ಒಡೆಯನಿಲ್ಲದ ವಸ್ತುವಿನ ಲೆಕ್ಕ ಇಡುವವರೂ ಕಡಮೆ. ಈ ಚಿತ್ರವನ್ನು ತೆಗೆದವನು ತಾನೆಂದು ಬೋರ್ಮನ್ನರೇ ಹೇಳಿಕೊಂಡು ಬಂದಿದ್ದರು. ಬಹುಕಾಲ ಅದನ್ನು ನಂಬಿದವರೂ ಇದ್ದರು. 2013ರಲ್ಲಿ ನಾಸಾದ ವಿದ್ವಾಂಸರು ನೌಕೆಯೊಳಗಿನ ಮಾತುಗಳ ಧ್ವನಿಮುದ್ರಿಕೆಯನ್ನೂ, ಚಂದ್ರನ ನೆಲದ ಹೊಸ ನಕಾಶೆಗಳನ್ನೂ ಹೋಲಿಸಿ, ಆ ಕ್ಷಣದಲ್ಲಿ ಭೂಮಿಯು ಯಾವ ಕಿಟಕಿಯಲ್ಲಿ ಕಂಡಿತೆಂಬುದನ್ನು ತೋರಿಸಿಕೊಟ್ಟರು. ಕೀರ್ತಿ ಆಂಡರ್ಸರದೆಂಬುದು ಖಚಿತವಾಯಿತು. ಅವರು 2024ರಲ್ಲಿ ತೀರಿಕೊಂಡರು.

ಚಿತ್ರವನ್ನು ಅರಸುವವರಿಗೆ ದಾರಿ ಸುಲಭವಾಗಿದೆ. ಮೂಲ ಫಿಲ್ಮುಗಳು ಹ್ಯೂಸ್ಟನ್ ನಗರದ ಶೀತಗೃಹದಲ್ಲಿವೆ. ಪ್ರತಿಗಳು ನಾಸಾದ ಅಂತರಜಾಲ ಭಂಡಾರದಲ್ಲಿ ದೊರೆಯುತ್ತವೆ. ಪ್ರತಿಯೊಂದು ಚಿತ್ರಕ್ಕೂ ಒಂದು ಸಂಖ್ಯೆಯಿದೆ. ಭೂಮ್ಯುದಯದ ಸಂಖ್ಯೆ ಎಎಸ್08-14-2383: ಮೊದಲನೆಯದು ಯಾತ್ರೆಯನ್ನೂ, ಎರಡನೆಯದು ಫಿಲ್ಮಿನ ಪೆಟ್ಟಿಗೆಯನ್ನೂ, ಕೊನೆಯದು ಅದರೊಳಗಿನ ಚಿತ್ರವನ್ನೂ ಸೂಚಿಸುತ್ತದೆ. ಈ ಸಂಖ್ಯೆಯನ್ನು ಹಿಡಿದು ಹುಡುಕುವವನು ದಾರಿ ತಪ್ಪಲಾರನು. ಪತ್ರಿಕೆಯವರು ಚಿತ್ರದ ಅಡಿಯಲ್ಲಿ ಅದನ್ನು ಅಚ್ಚುಹಾಕಿದರೆ ಮುಂದಿನವನಿಗೂ ಉಪಕಾರ. ಆದರೆ ಎಚ್ಚರವೂ ಬೇಕು. ಆ ಭಂಡಾರದಲ್ಲಿಯೇ ಅನ್ಯ ಸಂಸ್ಥೆಗಳ ಚಿತ್ರಗಳೂ ಇದ್ದು, ಕೆಲವಕ್ಕೆ ಸ್ವಾಮ್ಯವಿರುತ್ತದೆ. ನಾಸಾದ ಲಾಂಛನವನ್ನು ಮನಸ್ಸು ಬಂದಂತೆ ಬಳಸುವಂತಿಲ್ಲ. ಗಗನಯಾತ್ರಿಕರ ಮುಖವನ್ನು ಸಾಬೂನಿನ ಜಾಹೀರಾತಿಗೆ ಹಾಕುವುದಂತೂ ಬೇರೆಯೇ ತಕರಾರು.

ಇನ್ನೊಂದು ಚಿತ್ರದ ಮಾತನ್ನೂ ಹೇಳಬೇಕು. 1972ರ ಡಿಸೆಂಬರ್ 7ರಂದು ಅಪೊಲೊ 17ರ ಯಾತ್ರಿಕರು ಸುಮಾರು 29,000 ಕಿಲೋಮೀಟರ್ ದೂರದಿಂದ ಇಡಿಯ ಭೂಗೋಳವನ್ನು ಚಿತ್ರಿಸಿದರು. ಮೂವರಲ್ಲಿ ತೆಗೆದವರು ಯಾರೆಂದು ನಾಸಾ ಒಬ್ಬರ ಹೆಸರನ್ನು ಹೇಳದೆ ತಂಡಕ್ಕೇ ಸಲ್ಲಿಸಿದೆ. ಮೂಲದಲ್ಲಿ ದಕ್ಷಿಣಧ್ರುವವು ಮೇಲಿದ್ದಿತು, ಅಚ್ಚಿನಲ್ಲಿ ತಿರುಗಿಸಿದರು. ಆಫ್ರಿಕಾ ಖಂಡವೂ ಅರೇಬಿಯವೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಹಾಗೆ ತಿರುಗಿಸಿದ ಚಿತ್ರದ ಬಲಗಡೆಯ ಮೇಲಂಚಿನಲ್ಲಿ ಸುರುಳಿಗೊಂಡ ಬಿಳಿಯ ಮೋಡವೊಂದಿದೆ. ದಿನಾಂಕವನ್ನು ಬಲ್ಲವನು ಅದನ್ನು ಗುರುತಿಸಬಲ್ಲನು: ಅದೇ ವಾರ ತಮಿಳುನಾಡಿನ ಕರಾವಳಿಯನ್ನು ಹೊಕ್ಕು ಪ್ರವಾಹವನ್ನೆಬ್ಬಿಸಿದ್ದ ಚಂಡಮಾರುತವದು.