ಗುಣಿಸುವ ಮುನ್ನ

ಒಂದು ದಾಳವನ್ನು ನಾಲ್ಕು ಬಾರಿ ಎಸೆದರೆ ಒಮ್ಮೆಯಾದರೂ ಆರು ಬೀಳುವ ಸಂಭವನೀಯತೆ ಎಷ್ಟು? ಒಂದು ಎಸೆತದಲ್ಲಿ ಆರು ಬೀಳದಿರುವ ಸಂಭವನೀಯತೆ 5/6. ನಾಲ್ಕರಲ್ಲೂ ಬೀಳದಿರುವುದು 5/6ರ ನಾಲ್ಕನೆಯ ಘಾತ, ಎಂದರೆ 625/1296. ಇದನ್ನು 1ರಿಂದ ಕಳೆಯಿರಿ. ಉತ್ತರ 671/1296, ಸುಮಾರು 0.518. ಎರಡು ದಾಳಗಳನ್ನು ಒಟ್ಟಿಗೆ 24 ಬಾರಿ ಎಸೆದು ಒಮ್ಮೆಯಾದರೂ ಜೋಡಿ ಆರು ಪಡೆಯುವ ಸಂಭವನೀಯತೆ ಸುಮಾರು 0.491. ಮೊದಲನೆಯದು ಲಾಭದ ಪಣ, ಎರಡನೆಯದು ನಷ್ಟದ್ದು. ಫ್ರಾನ್ಸಿನ ಶೆವಾಲಿಯೆ ದ ಮೇರೆಯನ್ನು ಕಾಡಿದ ಈ ಒಗಟು 1654ರಲ್ಲಿ ಪಾಸ್ಕಲ್ ಅವರು ಫರ್ಮಾರಿಗೆ ಬರೆದ ಪತ್ರದಲ್ಲಿ ಕಾಣಿಸಿಕೊಂಡಿತು.

ಇಲ್ಲಿ ನಾವು ಗುಣಿಸಬಹುದಾದದ್ದು ಏಕೆ? ಒಂದು ಎಸೆತದ ಫಲ ಇನ್ನೊಂದನ್ನು ಬಾಧಿಸುವುದಿಲ್ಲ. ಅವು ಸ್ವತಂತ್ರ ಘಟನೆಗಳು. 1718ರಲ್ಲಿ ಮೊದಲು ಪ್ರಕಟವಾದ ‘ದಿ ಡಾಕ್ಟ್ರಿನ್ ಆಫ್ ಚಾನ್ಸಸ್’ ಗ್ರಂಥದ ಮುಂದಿನ ಆವೃತ್ತಿಗಳಲ್ಲಿ ಅಬ್ರಹಾಂ ದ ಮುಆವ್ರ್ ಸ್ವತಂತ್ರ ಮತ್ತು ಅವಲಂಬಿತ ಘಟನೆಗಳ ಭೇದವನ್ನು ಸ್ಪಷ್ಟವಾಗಿ ಹೇಳಿದರು.

ಪರೀಕ್ಷೆ ಸುಲಭ. ಎರಡೂ ಘಟನೆಗಳು ಒಟ್ಟಿಗೆ ಸಂಭವಿಸುವ ಸಂಭವನೀಯತೆಯು ಅವುಗಳ ಸಂಭವನೀಯತೆಗಳ ಗುಣಲಬ್ಧಕ್ಕೆ ಸಮವಾಗಿದ್ದರೆ ಅವು ಸ್ವತಂತ್ರ. ದಾಳವನ್ನು ಒಮ್ಮೆ ಎಸೆಯಿರಿ. ಸಮಸಂಖ್ಯೆ ಬೀಳುವುದು 1/2, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬೀಳುವುದು 2/3, ಗುಣಲಬ್ಧ 1/3. ಎರಡೂ ಒಟ್ಟಿಗೆ ಆಗುವುದು 2 ಮತ್ತು 4ರಲ್ಲಿ ಮಾತ್ರ, ಅದೂ 1/3. ಇವು ಸ್ವತಂತ್ರ. ‘ನಾಲ್ಕು’ ಎಂಬಲ್ಲಿ ‘ಮೂರು’ ಎಂದು ಇಟ್ಟು ನೋಡಿ. ಗುಣಲಬ್ಧ 1/4, ಆದರೆ ಒಟ್ಟಿಗೆ ಆಗುವುದು 2ರಲ್ಲಿ ಮಾತ್ರ, 1/6. ಸ್ವಾತಂತ್ರ್ಯ ಹೋಯಿತು! ಕಣ್ಣಂದಾಜು ಸಾಲದು, ಲೆಕ್ಕ ಮಾಡಿಯೇ ತಿಳಿಯಬೇಕು.

ಇದನ್ನು ಮರೆತರೆ ಏನಾಗಬಹುದು? ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಅವರ ಇಬ್ಬರು ಹಸುಗೂಸುಗಳು ಹಠಾತ್ತನೆ ತೀರಿಕೊಂಡವು. ತಾಯಿಯೇ ಕೊಂದಳೆಂಬ ಆರೋಪ ಬಂತು. ಅಂಥ ಕುಟುಂಬದಲ್ಲಿ ಕಾರಣ ತಿಳಿಯದ ಶಿಶುಮರಣದ ಸಂಭವನೀಯತೆ 8543ರಲ್ಲಿ ಒಂದು. ಎರಡು ಸಾವುಗಳಿಗೆ ಅದರ ವರ್ಗ, ಸುಮಾರು 7.3 ಕೋಟಿಯಲ್ಲಿ ಒಂದು ಎಂದು ವೈದ್ಯ ತಜ್ಞರೊಬ್ಬರು ನ್ಯಾಯಾಲಯದಲ್ಲಿ ನುಡಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆದರೆ ಒಡಹುಟ್ಟಿದವರು ಎರಡು ಎಸೆತಗಳಲ್ಲ. ತಂದೆತಾಯಿ, ಮನೆ, ಪರಿಸರ ಎಲ್ಲವೂ ಒಂದೇ. ಮೊದಲ ಸಾವು ಎರಡನೆಯದರ ಸಂಭವನೀಯತೆಯನ್ನು ಹೆಚ್ಚಿಸಬಲ್ಲದು. ಸ್ವತಂತ್ರವೆಂದು ತೋರಿಸದೆ ವರ್ಗ ಮಾಡಿದ್ದನ್ನು ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಟೀಕಿಸಿತು. ಇನ್ನೊಂದು ಮಾತು: ಎರಡು ಸಾವುಗಳು ಅಪರೂಪವಾದರೆ, ತಾಯಿ ಇಬ್ಬರನ್ನೂ ಕೊಲ್ಲುವುದೂ ಅಪರೂಪವೇ, ಎರಡನ್ನೂ ತೂಗಿ ನೋಡಬೇಕು. ಮುಚ್ಚಿಟ್ಟಿದ್ದ ಪ್ರಯೋಗಾಲಯದ ವರದಿಯೊಂದು ಹೊರಬಿದ್ದು 2003ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದುಮಾಡಿತು. ಆಕೆ 2007ರಲ್ಲಿ ನಿಧನರಾದರು.

ಗುಣಾಕಾರ ಎಲ್ಲರಿಗೂ ಬರುತ್ತದೆ. ಗುಣಿಸಬಹುದೇ ಎಂದು ಮೊದಲು ಕೇಳಿಕೊಳ್ಳುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸೋಣ.