ಕೃತಕ ಮೂತ್ರಪಿಂಡವೂ ಲಸಿಕೆಯ ರಕ್ಷೆಯೂ

ಮನೆಯಲ್ಲಿಯೇ ಇರಿ, ಹೊರಗೆ ಹೊರಡಬೇಡಿ ಎಂಬ ಮಾತನ್ನು 2020ನೆಯ ಇಸವಿಯ ಮಾರ್ಚ್ ತಿಂಗಳಿನಿಂದ ನಾವೆಲ್ಲ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ರೇಡಿಯೋ ಅದನ್ನೇ ಹೇಳಿತು. ಬೀದಿಯಲ್ಲಿ ಸುತ್ತುವ ಧ್ವನಿವರ್ಧಕ ಅದನ್ನೇ ಹೇಳಿತು. ಆದರೆ ಈ ಮಾತನ್ನು ಪಾಲಿಸುವ ಮನಸ್ಸಿದ್ದರೂ ಪಾಲಿಸಲಾರದ ಜನ ನಮ್ಮ ನಡುವೆ ಇದ್ದರು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ, ಯಂತ್ರದ ಸಹಾಯದಿಂದ ರಕ್ತಶುದ್ಧಿ ಮಾಡಿಸಿಕೊಂಡು ಬದುಕುವವರೇ ಅವರು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆಯ ಕಾಲ, ಇತರ ರೋಗಿಗಳ ಪಕ್ಕದಲ್ಲಿ ಅವರು ಮಲಗಿರಬೇಕು. ಹೋದರೆ ಸೋಂಕಿನ ಭಯ, ಹೋಗದಿದ್ದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಇಂಥವರಿಗೆ ಲಸಿಕೆ ಎಷ್ಟರ ಮಟ್ಟಿನ ರಕ್ಷೆಯಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಕೊರೋನಾ ಕಾಲಕ್ಕಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ನಡುವೆ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನಿದ್ದ. ಮಾಂಸದ ತಿನಿಸನ್ನು ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಆತ ಒಂದು ಪೀಪಾಯಿಯ ಸುತ್ತ ಸುತ್ತಿದ. ಪೀಪಾಯಿಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದ. ಕೊಳವೆಯೊಳಗೆ ಹರಿಯುವ ರಕ್ತದಲ್ಲಿನ ಕಶ್ಮಲ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗಿನ ನೀರಿಗೆ ಇಳಿಯಿತು. ರಕ್ತಕಣಗಳು ಒಳಗೇ ಉಳಿದವು. 1943ರಲ್ಲಿ ರೋಗಿಗಳ ಮೇಲೆ ಇದರ ಪ್ರಯೋಗ ಮೊದಲಾಯಿತು. ಒಬ್ಬರಾದ ಮೇಲೊಬ್ಬರು ತೀರಿಕೊಂಡರೂ ಕೋಲ್ಫ್ ಕೈಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಪ್ರಜ್ಞೆ ತಿಳಿದು ಎದ್ದಾಗ ಕೃತಕ ಮೂತ್ರಪಿಂಡವೆಂಬುದು ಕನಸಲ್ಲವೆಂದು ಜಗತ್ತಿಗೆ ತಿಳಿಯಿತು.

ಆದರೂ ಅದು ಕೆಲವು ದಿನಗಳ ಆಸರೆ ಮಾತ್ರ. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದರಿಂದ, ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ಉಪಾಯವಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲಿಯೇ ಉಳಿಯುವ ಟೆಫ್ಲಾನ್ ನಳಿಕೆಯೊಂದನ್ನು ಬಳಕೆಗೆ ತಂದ. ಅದನ್ನು ಧರಿಸಿದ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದ. ಅಲ್ಲಿಂದ ಮುಂದೆ ಮೂತ್ರಪಿಂಡವಿಲ್ಲದೆಯೂ ವರ್ಷಗಟ್ಟಲೆ ಬಾಳುವ ಹೊಸ ಜನವರ್ಗವೊಂದು ಹುಟ್ಟಿಕೊಂಡಿತು.

ಹೊಸ ಬಾಳಿನೊಡನೆ ಹೊಸ ಗಂಡಾಂತರವೂ ಬಂತು. ಒಂದೇ ಕೋಣೆಯಲ್ಲಿ ಹಲವರ ರಕ್ತ ದೇಹದಿಂದ ಹೊರಬಂದು ಮತ್ತೆ ಒಳಗೆ ಹೋಗುವ ಕಡೆ ರಕ್ತದಿಂದ ಹರಡುವ ರೋಗಕ್ಕೆ ದಾರಿ ಸುಲಭ. 1960ರ ದಶಕದಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಡಯಾಲಿಸಿಸ್ ವಿಭಾಗಗಳಿಗೆ ಕಾಮಾಲೆ ನುಗ್ಗಿತು. 1969-70ರಲ್ಲಿ ಎಡಿನ್‌ಬರೋದಲ್ಲಿ ಅದು ಉಗ್ರರೂಪ ತಾಳಿತು. ರೋಗಿಗಳಷ್ಟೇ ಅಲ್ಲ, ಅವರ ಶುಶ್ರೂಷೆ ಮಾಡಿದ ಸಿಬ್ಬಂದಿಯವರೂ ಸತ್ತರು. ಇದಕ್ಕೆ ಕಾರಣ ಹೆಪಟೈಟಿಸ್ ಬಿ ಎಂಬ ವೈರಾಣು. ಅದರ ಹೊರಕವಚದ ಅಂಶವನ್ನು ಅಮೆರಿಕದ ಬರೂಕ್ ಬ್ಲುಂಬರ್ಗ್ ಅದೇ ದಶಕದಲ್ಲಿ ರಕ್ತದಲ್ಲಿ ಗುರುತಿಸಿದ್ದ. ಆ ಶೋಧದ ಹಿರಿಮೆಗಾಗಿ 1976ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತಪರೀಕ್ಷೆ, ಸೋಂಕಿತರಿಗೆ ಪ್ರತ್ಯೇಕ ಯಂತ್ರ, ಕೈಗವಸು, ಶುಚಿತ್ವ ಇವುಗಳಿಂದಲೇ ಆ ಪಿಡುಗು ಬಹುಮಟ್ಟಿಗೆ ಹತೋಟಿಗೆ ಬಂತು.

ಅನಂತರ ಲಸಿಕೆ ಬಂತು. 1981ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ಲಸಿಕೆಗೆ ಪರವಾನಗಿ ಸಿಕ್ಕಿದಾಗ ಡಯಾಲಿಸಿಸ್ ರೋಗಿಗಳ ಪಾಲಿಗೆ ಇನ್ನು ಭಯವಿಲ್ಲವೆಂದೇ ಅನೇಕರು ಭಾವಿಸಿದರು. ಆದರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1984ರಲ್ಲಿ ಹೊರಬಿದ್ದಾಗ ವೈದ್ಯರು ಪೆಚ್ಚಾದರು. ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಪ್ರತಿಕಾಯಗಳನ್ನು ಹುಟ್ಟಿಸುತ್ತಿದ್ದ ಲಸಿಕೆ ಇವರಲ್ಲಿ ಸುಮಾರು ಅರುವತ್ತು ಮಂದಿಯಲ್ಲಿ ಮಾತ್ರ ಹುಟ್ಟಿಸಿತ್ತು. ಲಸಿಕೆ ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಸೋಂಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಇಲ್ಲಿ ಓದುಗರಿಗೆ ಒಂದು ಸಂಶಯ ಬರುವುದು ಸಹಜ: ಯಂತ್ರ ರಕ್ತವನ್ನು ತೊಳೆಯುವಾಗ ಲಸಿಕೆಯ ಸತ್ವವನ್ನೂ ತೊಳೆದುಬಿಡುತ್ತದೆಯೆ? ಇಲ್ಲ. ಪ್ರತಿಕಾಯಗಳ ಗಾತ್ರ ದೊಡ್ಡದು. ಯಂತ್ರದ ಜರಡಿಯ ರಂಧ್ರಗಳಲ್ಲಿ ಅವು ತೂರಲಾರವು. ದೋಷವಿರುವುದು ಬೇರೆ ಕಡೆ. ವರ್ಷಗಟ್ಟಲೆ ರಕ್ತದಲ್ಲಿ ಉಳಿಯುವ ಕಶ್ಮಲದಿಂದ ದೇಹದ ಕಾವಲುಕಣಗಳು ಮಂಕಾಗುತ್ತವೆ. ಶತ್ರುವಿನ ಗುರುತನ್ನು ಹಿಡಿದು ಒಪ್ಪಿಸಬೇಕಾದ ಕಣಗಳೂ, ಆ ಗುರುತನ್ನು ನೆನಪಿಡಬೇಕಾದ ಕಣಗಳೂ ಎರಡೂ ಸೊರಗುತ್ತವೆ. ವಯಸ್ಸು, ಸಿಹಿಮೂತ್ರ ರೋಗ, ಪೌಷ್ಟಿಕತೆಯ ಕೊರತೆ ಇವೂ ಜೊತೆಗೂಡುತ್ತವೆ. ಪಾಠ ಹೇಳುವ ಗುರುವಿನಲ್ಲಿ ತಪ್ಪಿಲ್ಲ. ದಣಿದ ಶಿಷ್ಯನಿಗೆ ಒಂದೇ ಸಲಕ್ಕೆ ಪಾಠ ಹತ್ತುವುದಿಲ್ಲ, ಹತ್ತಿದ್ದೂ ಬೇಗ ಮರೆಯುತ್ತದೆ.

ವೈದ್ಯರು ಇದಕ್ಕೆ ಕಂಡುಕೊಂಡ ಮಾರ್ಗ ಸರಳ. ಇತರರಿಗೆ 20 ಮೈಕ್ರೋಗ್ರಾಂ ಕೊಡುವ ಕಡೆ ಇವರಿಗೆ 40, ಮೂರು ಸಲದ ಬದಲು ನಾಲ್ಕು ಸಲ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಪ್ರತಿಕಾಯ ಕಡಿಮೆಯಾಗಿದ್ದರೆ ಮತ್ತೊಂದು ಚುಚ್ಚುಮದ್ದು. ದುರ್ಬಲ ದೇಹಕ್ಕೆ ಹೆಚ್ಚು ಸಲ, ಹೆಚ್ಚು ಪ್ರಮಾಣ, ಹೆಚ್ಚು ಕಣ್ಗಾವಲು ಎಂಬ ಈ ನಿಯಮ ಕೊರೋನಾ ಬರುವುದಕ್ಕೆ ಮೂರು ದಶಕಗಳ ಹಿಂದೆಯೇ ಗೊತ್ತಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನು 2020ಕ್ಕೆ ಬರೋಣ. ಮೊದಲ ಅಲೆಯಲ್ಲಿ ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಐವರಿಗೆ ಒಬ್ಬರಂತೆ ಒಂದು ತಿಂಗಳೊಳಗೆ ತೀರಿಕೊಂಡರೆಂದು ಯೂರೋಪಿನ ದಾಖಲೆಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಮಾರ್ಚ್ 25ರಿಂದ ಸಂಚಾರ ನಿಂತಿತು. ಹತ್ತೊಂಬತ್ತು ದೊಡ್ಡ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಯಂತೆ ನೂರಕ್ಕೆ ಇಪ್ಪತ್ತೆಂಟು ರೋಗಿಗಳಿಗೆ ಒಂದಾದರೂ ಸರದಿ ತಪ್ಪಿತು. ನೂರಕ್ಕೆ ನಾಲ್ವರು ಡಯಾಲಿಸಿಸ್‌ಗೆ ಬರುವುದನ್ನೇ ನಿಲ್ಲಿಸಿದರು. ಅವರ ಹಾದಿ ಕಾದ ಹಾಸಿಗೆಗಳ ಮಾತನ್ನು ಅಂಕಿಗಳು ಹೇಳಲಾರವು.

ಆ ವರ್ಷದ ಡಿಸೆಂಬರಿನಲ್ಲಿ ಲಸಿಕೆ ಬಂತು. ಆದರೆ ಲಸಿಕೆಯ ದೊಡ್ಡ ಪ್ರಯೋಗಗಳಲ್ಲಿ ಡಯಾಲಿಸಿಸ್ ರೋಗಿಗಳಿಗೆ ಹೆಚ್ಚು ಸ್ಥಾನವಿರಲಿಲ್ಲ. ಅವರ ಮೇಲೆ ಅದು ಹೇಗೆ ಕೆಲಸ ಮಾಡೀತೆಂದು ಬಲ್ಲವರಿರಲಿಲ್ಲ. ಮೊದಲ ಉತ್ತರಗಳಲ್ಲೊಂದು ಬಂದದ್ದು ಇಸ್ರೇಲಿನಿಂದ. ಫೈಜರ್ ಲಸಿಕೆಯನ್ನು ಎರಡು ಸಲ ಪಡೆದ 56 ಮಂದಿ ರೋಗಿಗಳಲ್ಲಿ 54 ಮಂದಿಗೆ ಪ್ರತಿಕಾಯ ಹುಟ್ಟಿತ್ತು. ಹೆಪಟೈಟಿಸ್ ಲಸಿಕೆಯ ಅನುಭವಕ್ಕೆ ಹೋಲಿಸಿದರೆ ಇದು ಸಂತೋಷದ ಸುದ್ದಿ. ಆದರೆ ಪ್ರತಿಕಾಯದ ಪ್ರಮಾಣ ಆಸ್ಪತ್ರೆಯ ಆರೋಗ್ಯವಂತ ಸಿಬ್ಬಂದಿಯವರಲ್ಲಿದ್ದುದರ ಅರ್ಧವೂ ಇರಲಿಲ್ಲ. 7,401ರ ಎದುರಿಗೆ 2,900. ತಿಂಗಳುಗಳು ಕಳೆದಂತೆ ಅದೂ ಇಳಿಯುವುದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಿಂದ ಮತ್ತೊಂದು ಸಂಗತಿ ತಿಳಿಯಿತು: ಮೊದಲು ಸೋಂಕು ತಗುಲದ ರೋಗಿಗಳಲ್ಲಿ ಆಸ್ಟ್ರಾಜೆನೆಕಾ ಲಸಿಕೆಯ ಎರಡು ಸರದಿಯಿಂದ ಡೆಲ್ಟಾ ತಳಿಯನ್ನು ತಡೆಯುವಷ್ಟು ಪ್ರತಿಕಾಯ ಅನೇಕರಲ್ಲಿ ಹುಟ್ಟಿರಲಿಲ್ಲ. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಕೊಟ್ಟದ್ದು ಇದೇ ಲಸಿಕೆ.

ಹಾಗೆಂದು ಲಸಿಕೆ ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಲಸಿಕೆ ಪಡೆದ ರೋಗಿಗಳಲ್ಲಿ ಆಸ್ಪತ್ರೆ ಸೇರುವವರೂ ಸಾಯುವವರೂ ಪಡೆಯದವರಿಗಿಂತ ಎಷ್ಟೋ ಕಡಿಮೆಯಾದರು. ಮೂರನೆಯ ಸರದಿಯಾದ ಮೇಲೆ ಪ್ರತಿಕಾಯ ಬಹುಮಂದಿಯಲ್ಲಿ ಚೆನ್ನಾಗಿ ಏರಿತು. ಹಳೆಯ ಪಾಠವೇ ಮತ್ತೆ ನಿಜವಾಯಿತು: ಇವರಿಗೆ ಎರಡು ಸಾಲದು, ಮೂರು ಬೇಕು.

ಈ ಪಾಠವನ್ನು ಬೇಗ ನೆನೆದ ದೇಶ ಫ್ರಾನ್ಸ್. 2021ರ ಏಪ್ರಿಲ್‌ನಲ್ಲಿಯೇ ಅದು ಡಯಾಲಿಸಿಸ್ ರೋಗಿಗಳಿಗೆ ಮೂರನೆಯ ಸರದಿಯನ್ನು ಶಿಫಾರಸು ಮಾಡಿತು. ನಮ್ಮ ದೇಶವೂ ಅವರನ್ನು ಮರೆತಿರಲಿಲ್ಲ. 2021ರ ಮಾರ್ಚ್ 1ರಂದು 45 ದಾಟಿದ ಕಾಯಿಲೆಯವರಿಗೆ ಲಸಿಕೆ ತೆರೆದಾಗ ಆ ಕಾಯಿಲೆಗಳ ಪಟ್ಟಿಯಲ್ಲಿ ಡಯಾಲಿಸಿಸ್ ಸೇರಿತ್ತು. ಆದರೆ ಮೂರನೆಯ ಸರದಿ, ಅಂದರೆ ಮುನ್ನೆಚ್ಚರಿಕೆಯ ಸರದಿ, ಮೊದಲಾದದ್ದು 2022ರ ಜನವರಿ 10ರಂದು. ಅದೂ ಆರೋಗ್ಯ ಸಿಬ್ಬಂದಿ ಮುಂತಾದವರನ್ನು ಬಿಟ್ಟರೆ 60 ದಾಟಿದ ಕಾಯಿಲೆಯವರಿಗೆ ಮಾತ್ರ, ಎರಡನೆಯದಾಗಿ ಒಂಬತ್ತು ತಿಂಗಳು ತುಂಬಿದ ಮೇಲೆ. ಐವತ್ತರ ವಯಸ್ಸಿನ ಡಯಾಲಿಸಿಸ್ ರೋಗಿ ಅದೇ ವರ್ಷದ ಏಪ್ರಿಲ್ 10ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಒಮಿಕ್ರಾನ್ ಅಲೆ ಬಂದು ಹೋಗಿತ್ತು. ಕೋಟ್ಯಂತರ ಜನಕ್ಕೆ ಮೊದಲೆರಡು ಸರದಿ ಮುಟ್ಟಿಸುವ ಹೊಣೆ ಹಗುರವಾದುದಲ್ಲ, ನಿಜ. ಆದರೂ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದಾಗ ನಷ್ಟವಾಗುವುದು ದುರ್ಬಲರಿಗೇ ಎಂಬುದೂ ಅಷ್ಟೇ ನಿಜ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ನಮಗೆ ಅದು ಹಳೆಯ ಕಥೆಯಾಯಿತು. ಆದರೆ ರಕ್ತಶುದ್ಧಿಯ ಕೋಣೆಗೆ ಹೋಗುವವರು ಇಂದೂ ಹೋಗುತ್ತಲೇ ಇದ್ದಾರೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥವರಿದ್ದರೆ, ಅವರ ಹೆಪಟೈಟಿಸ್ ಲಸಿಕೆಯ ಲೆಕ್ಕ ಸರಿಯಾಗಿದೆಯೆ, ವರ್ಷದ ರಕ್ತಪರೀಕ್ಷೆ ಆಗಿದೆಯೆ, ಬೇರೆ ಯಾವ ಲಸಿಕೆ ಬೇಕಾಗಿದೆ ಎಂದು ವೈದ್ಯರನ್ನು ಕೇಳಿ. ಅವರ ಜೊತೆಯಲ್ಲಿರುವವರು ತಾವೂ ಲಸಿಕೆ ಪಡೆದು, ನೆಗಡಿ ಜ್ವರ ಬಂದಾಗ ಮೂಗು ಬಾಯಿ ಮುಚ್ಚಿಕೊಂಡರೆ ಅದೂ ಒಂದು ರಕ್ಷೆಯೇ. ಅವರ ದೇಹ ಅರ್ಧ ಕಟ್ಟಿದ ಗೋಡೆಯ ಉಳಿದರ್ಧವನ್ನು ಸುತ್ತಲಿನವರು ಕಟ್ಟಬೇಕು.