ಹೊಗೆ ಹೋಯಿತು, ಬೆಳ್ಳಿ ಉಳಿಯಿತು

ಹುಕ್ಕಾ ಅಂದ ಕೂಡಲೇ ಇವತ್ತು ಟಿವಿ ನೋಡುವವರ ಕಣ್ಮುಂದೆ ಬರುವುದು ಒಂದೇ ದೃಶ್ಯ. ಮಬ್ಬು ಬೆಳಕಿನ ಬಾರ್, ಪೊಲೀಸ್ ದಾಳಿ, ಮುಖ ಮುಚ್ಚಿಕೊಂಡು ಹೊರಗೆ ಬರುವ ಹುಡುಗರು, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಗಾಜಿನ ಹುಕ್ಕಾಗಳು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ಮಾರಾಟವನ್ನೂ ಸೇವನೆಯನ್ನೂ ಇಡೀ ಕರ್ನಾಟಕದಲ್ಲಿ ನಿಷೇಧಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಸುದ್ದಿ ಅಲ್ಲಿಗೆ ಮುಗೀತು.

ಆದರೆ ಬಗದಲ್‌ನಲ್ಲೋ ಭಾಲ್ಕಿಯಲ್ಲೋ ಔರಾದ್‌ನಲ್ಲೋ ಕೂತು ಆ ಸುದ್ದಿ ನೋಡಿದವರಿಗೆ ನಾನೊಂದು ಮಾತು ಹೇಳಬೇಕು. ನಿಮ್ಮ ಜಿಲ್ಲೆಯ ಹೆಸರನ್ನು ಲಂಡನ್, ನ್ಯೂಯಾರ್ಕ್ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ್ದು ಬಹುಮಟ್ಟಿಗೆ ಇದೇ ಹುಕ್ಕಾ. ಬಿದ್ರಿ ಕಲೆ ಅಂತ ನಾವು ಎದೆಯುಬ್ಬಿಸಿ ಹೇಳ್ತೀವಲ್ಲ, ಆ ಕಲೆಯ ಹಳೆಯ ಮಾದರಿಗಳ ಪಟ್ಟಿ ತೆಗೆದು ನೋಡಿ. ಪಾನದಾನಿ ಇದೆ, ತಟ್ಟೆ ಇದೆ, ಹೂಜಿ ಇದೆ. ಆದರೆ ಮತ್ತೆ ಮತ್ತೆ ಎದುರಾಗುವುದು ಹುಕ್ಕಾದ ತಳಪಾತ್ರೆ. ಅಂದರೆ, ನೀರು ತುಂಬುವ ಆ ದುಂಡನೆಯ ಪಾತ್ರೆ.

ನಮ್ಮ ಭಾಷೆಯಲ್ಲಿ ಮೂರು ಪದಗಳಿವೆ. ಚಟ, ಶೋಕಿ, ಗೀಳು. ಮೂರನ್ನೂ ನಾವು ಒಂದೇ ಅನ್ನೋ ಹಾಗೆ ಬಳಸ್ತೀವಿ. ಮೂರೂ ಬೇರೆ ಬೇರೆ. ಚಟ ದೇಹದ್ದು. ಶೋಕಿ ನಾಲ್ಕು ಜನರ ಕಣ್ಣಿಗೆ. ಗೀಳು ಮಾತ್ರ ಯಾರು ನೋಡಲಿ, ಬಿಡಲಿ, ಒಳಗೇ ಉರಿಯುವಂಥದ್ದು. ಬೀದರಿನ ಈ ಕಥೆಯಲ್ಲಿ ಮೂರೂ ಬರ್ತವೆ. ಯಾವುದು ಉಳಿಯಿತು, ಯಾವುದು ಬೂದಿಯಾಯಿತು ಅನ್ನೋದೇ ಇವತ್ತಿನ ವಿಷಯ.

ಮೊದಲು ಹೊಗೆ ಎಲ್ಲಿಂದ ಬಂತು ನೋಡೋಣ. ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ದಖ್ಖನ್ನಿಗೆ ಬಂತು. ಅಲ್ಲಿಂದ ದಿಲ್ಲಿ, ಆಗ್ರಾ ಕಡೆಗೆ ಹೇಗೆ ಹೋಯಿತು? ವಿಜಯಪುರದಿಂದ! ಇದು ದಂತಕಥೆ ಅಲ್ಲ, ಅಕ್ಬರನ ಅಧಿಕಾರಿ ಅಸದ್ ಬೇಗ್ ಸ್ವತಃ ಬರೆದಿಟ್ಟ ವಿವರ. ಇಬ್ರಾಹಿಂ ಆದಿಲ್ ಶಾಹನ ಮಗಳಿಗೂ ಅಕ್ಬರನ ಮಗ ದಾನಿಯಾಲನಿಗೂ ಸಂಬಂಧ ಕುದುರಿತ್ತು. ಆ ಕೆಲಸಕ್ಕಾಗಿ ಅಸದ್ ಬೇಗ್ ಆದಿಲ್ ಶಾಹಿ ರಾಜಧಾನಿಗೆ ಬಂದಿದ್ದ. ಅಲ್ಲಿ ಅವನು ತನ್ನ ಜೀವನದಲ್ಲಿ ಹಿಂದೆಂದೂ ನೋಡಿರದ ಒಂದು ವಸ್ತು ನೋಡಿದ. ಅದೇ ತಂಬಾಕು. ಒಂದಷ್ಟು ಕಟ್ಟಿಕೊಂಡ. ಜೊತೆಗೆ ಒಂದು ಚೆಂದದ ಕೊಳವೆಯನ್ನೂ ಮಾಡಿಸಿಕೊಂಡ. ಕೊಳವೆಗೆ ರತ್ನ, ಮೀನಾಕಾರಿ. ಬಾಯಿಗಿಡುವ ತುದಿಗೆ ಯೆಮೆನ್‌ನ ಕೆಂಪು ಅಕೀಕ್ ಕಲ್ಲು. ಬೆಂಕಿ ಇಡುವ ಬಟ್ಟಲು ಚಿನ್ನದ್ದು.

ಗಮನಿಸಿ. ಉತ್ತರದ ದೊರೆಗಿನ್ನೂ ಹೊಗೆಯ ರುಚಿಯೇ ಗೊತ್ತಿಲ್ಲ, ಆಗಲೇ ಸೇದುವ ಕೊಳವೆಗೆ ಚಿನ್ನ! ಚಟಕ್ಕಿಂತ ಮೊದಲೇ ಶೋಕಿ ಹೊರಟಿತ್ತು.

1604ರ ಸುಮಾರಿಗೆ ಆಗ್ರಾದಲ್ಲಿ ಅದನ್ನು ಅಕ್ಬರನ ಮುಂದಿಟ್ಟ. ದೊರೆ ಒಂದೆರಡು ದಮ್ ಎಳೆದ. ಆಸ್ಥಾನದ ವೈದ್ಯ ತಡೆದ. ನಮ್ಮ ವೈದ್ಯ ಗ್ರಂಥಗಳಲ್ಲಿ ಇದರ ಬಗ್ಗೆ ಏನೂ ಇಲ್ಲ, ಪರೀಕ್ಷೆ ಆಗದ ವಸ್ತು, ಬೇಡ ಅನ್ನೋದು ಅವನ ವಾದ. ಯುರೋಪಿನವರು ದಡ್ಡರಲ್ಲ, ಎಲ್ಲ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಅನ್ನೋದು ಅಸದ್ ಬೇಗನ ವಾದ. ನಮ್ಮ ಪ್ರೈಮ್ ಟೈಮ್ ಚರ್ಚೆಗೆ ಏನೂ ಕಮ್ಮಿ ಇಲ್ಲ ನೋಡಿ. ಅಕ್ಬರ್ ಚಟ ಹಚ್ಚಿಕೊಳ್ಳಲಿಲ್ಲ. ಆದರೆ ಆಸ್ಥಾನದ ಗಣ್ಯರು ಕೇಳಿ ಕೇಳಿ ತರಿಸಿಕೊಂಡರು. ವ್ಯಾಪಾರಿಗಳು ಮಾರಾಟ ಶುರು ಮಾಡಿದರು. ಚರ್ಚೆಯಲ್ಲಿ ವೈದ್ಯ ಸೋತ. ಅವನು ಹೇಳಿದ್ದೇ ಸರಿ ಅಂತ ವಿಜ್ಞಾನ ಒಪ್ಪೋದಕ್ಕೆ 3 ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ನಿಷೇಧವೂ ಹೊಸದಲ್ಲ. 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿದ. ಅತ್ತ ಇರಾನಿನಲ್ಲಿ ಶಾ ಅಬ್ಬಾಸ್ ಕೂಡ ನಿಷೇಧಿಸಿದ್ದ. ತಮಾಷೆ ಏನು ಗೊತ್ತಾ? ಜಹಾಂಗೀರ್ ಇರಾನಿಗೆ ಕಳಿಸಿದ ರಾಯಭಾರಿ ಖಾನ್ ಆಲಂ ಹೊಗೆ ಇಲ್ಲದೆ ಒಂದು ಗಳಿಗೆ ಇರಲಾರದ ಆಸಾಮಿ. ಕೊನೆಗೆ ಶಾ ಅಬ್ಬಾಸನೇ ಮನಸ್ಸು ಕರಗಿ, ಇವನೊಬ್ಬನಿಗೆ ವಿನಾಯಿತಿ ಅಂದ. ಇದನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ. ದೊಡ್ಡವರಿಗೆ ವಿನಾಯಿತಿ ಅನ್ನೋದು ಆಗಲೂ ಇತ್ತು!

ಈಗ ಬೀದರಿಗೆ ಬನ್ನಿ. ನೀರಿನ ಮೂಲಕ ಹೊಗೆ ಎಳೆಯುವ ಹುಕ್ಕಾ, ನಮ್ಮ ಹಳ್ಳಿಯ ಮಾತಲ್ಲಿ ಗುಡಗುಡಿ, 17ನೇ ಶತಮಾನದಲ್ಲಿ ದಖ್ಖನ್ನಿನ ಶ್ರೀಮಂತರ ಮನೆ ಮನೆಗೂ ಹೊಕ್ಕಿತು. ಅದಕ್ಕೊಂದು ತಳಪಾತ್ರೆ ಬೇಕು. ನೀರು ನಿಲ್ಲಬೇಕು, ಉದ್ದನೆಯ ಕೊಳವೆ ಜಗ್ಗಿದರೂ ಉರುಳಬಾರದು, ಮೇಲೆ ಕೆಂಡ ಇರುತ್ತದಲ್ಲ! ಜೊತೆಗೆ ಅತಿಥಿಗಳ ನಡುವೆ ಇಟ್ಟರೆ ಎಲ್ಲರ ಕಣ್ಣು ಅದರ ಮೇಲೇ ಬೀಳಬೇಕು. ಇಷ್ಟೂ ಷರತ್ತಿಗೆ ಬೀದರಿನ ಕಸುಬುದಾರರ ಬಳಿ ಉತ್ತರವಿತ್ತು.

ಎಂಜಿನಿಯರಿಂಗ್ ಓದಿದವನಿಗೆ ಈ ಉತ್ತರ ನೋಡಿದರೆ ಖುಷಿ ಆಗುತ್ತೆ. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪವೇ ತಾಮ್ರ. ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ತಾಮ್ರಕ್ಕೆ 1000 ಡಿಗ್ರಿಗೂ ಮೇಲೆ ಬೇಕು. ಹಾಗಾಗಿ ಮಣ್ಣಿನ ಅಚ್ಚಿನಲ್ಲಿ ಎರಕ ಸಲೀಸು. ತೂಕವೂ ಇದೆ, ಕೂತರೆ ಅಲುಗುವುದಿಲ್ಲ. ಎರಕವಾದ ಪಾತ್ರೆಯನ್ನು ಉಜ್ಜಿ ನಯ ಮಾಡಿ, ನಕ್ಷೆ ಎದ್ದು ಕಾಣಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ. ಅದರ ಮೇಲೆ ಚೂಪು ಉಳಿಯಿಂದ ಹೂವು, ಬಳ್ಳಿ ಕೊರೀತಾರೆ. ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಬಡೀತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಅಂತಾರೆ, ತೆಳು ತಗಡು ಕೂರಿಸುವುದಕ್ಕೆ ತೆಹನಿಶಾನ್. ಈ ಹಂತದಲ್ಲಿ ಬೂದು ಲೋಹದ ಮೇಲೆ ಬೆಳ್ಳಿ ಅಷ್ಟಾಗಿ ಕಾಣುವುದೇ ಇಲ್ಲ.

ಆಮೇಲೆ ಬರುತ್ತೆ ಬೀದರ್ ಕೋಟೆಯ ಮಣ್ಣು. ಮಳೆ, ಬಿಸಿಲು ತಾಗದ ಹಳೆಯ ಜಾಗದ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸ್ತಾರೆ ಕಸುಬುದಾರರು. ಅದಕ್ಕೆ ನವಸಾಗರ, ನೀರು ಸೇರಿಸಿ, ಬೆಚ್ಚಗಾದ ಪಾತ್ರೆಗೆ ಉಜ್ಜಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಮಾವಾಸ್ಯೆ ಆಕಾಶದಲ್ಲಿ ಚುಕ್ಕಿ ಮೂಡಿದ ಹಾಗೆ. ಲ್ಯಾಬ್‌ಗಳಲ್ಲಿ ಪರೀಕ್ಷೆ ಮಾಡಿದವರು ಕಂಡುಕೊಂಡದ್ದು ಇಷ್ಟು: ಬರೀ ಸತುವಾಗಿದ್ದರೆ ಈ ಕಪ್ಪು ಬರುತ್ತಿರಲಿಲ್ಲ, ಆ ಚೂರು ತಾಮ್ರವೇ ಇದರ ಗುಟ್ಟು. ಪಿರಿಯಾಡಿಕ್ ಟೇಬಲ್ ಹುಟ್ಟುವ ಮೊದಲೇ ಈ ಅಳತೆಯನ್ನು ಕೈ, ಕಣ್ಣು, ನಾಲಿಗೆಯಲ್ಲಿ ಹಿಡಿದವರು ಇವರು. ಇದನ್ನೇ ನಾನು ಗೀಳು ಅನ್ನೋದು.

ಸೇದುವವರ ಶೋಕಿ ಬದಲಾದ ಹಾಗೆ ಪಾತ್ರೆಯೂ ಬದಲಾಯಿತು. 17ನೇ ಶತಮಾನದ ತಳಪಾತ್ರೆಗಳು ಚೆಂಡಿನಂತೆ ಗುಂಡಗಿವೆ. ನೆಲದ ಮೇಲೆ ನಿಲ್ಲಲು ಕೆಳಗೊಂದು ಬಳೆಯಂಥ ಆಸರೆ ಬೇಕಿತ್ತು. 18ನೇ ಶತಮಾನದಲ್ಲಿ ಗಂಟೆಯ ಆಕಾರ ಬಂತು. ಅಗಲವಾದ ಚಪ್ಪಟೆ ತಳ, ಆಸರೆ ಬೇಡ, ಎಡವಿದರೂ ಸುಲಭಕ್ಕೆ ಬೀಳುವುದಿಲ್ಲ. ಇವತ್ತು ಸಂಗ್ರಾಹಕರು ದೂರದಿಂದ ಆಕಾರ ನೋಡಿಯೇ ಕಾಲ ಅಂದಾಜು ಮಾಡೋದು ಹೀಗೆ. ಬೀದರಿನ ಈ ಕೆಲಸ ಎಷ್ಟು ಬೇಡಿಕೆಗೆ ಬಂತೆಂದರೆ ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾದಲ್ಲೂ ಬಿದ್ರಿ ತಯಾರಾಯಿತು. ಎಲ್ಲಿ ಮಾಡಿದರೂ ಹೆಸರು ಮಾತ್ರ ನಮ್ಮೂರಿನದೇ.

ಇಂಗ್ಲಿಷರು ಬಂದರು. ಬಂದವರು ಹುಕ್ಕಾ ಬಿಟ್ಟರೇ? ಕಲ್ಕತ್ತೆಯ ಕಂಪನಿ ಸಾಹೇಬರು ನವಾಬರನ್ನೂ ಮೀರಿಸಿದರು. ಹುಕ್ಕಾ ತುಂಬಲು, ಕೆಂಡ ಹಾಕಲು ಹುಕ್ಕಾಬರ್ದಾರ್ ಅಂತಲೇ ಒಬ್ಬ ಪ್ರತ್ಯೇಕ ಆಳು. 1779ರಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ದಂಪತಿ ಸಂಗೀತ, ಊಟಕ್ಕೆ ಕರೆದು ಕಳಿಸಿದ ಆಹ್ವಾನ ಪತ್ರಿಕೆಯಲ್ಲಿ ಒಂದು ಸೂಚನೆ ಇತ್ತು: ಆಳುಗಳನ್ನು ಕರೆತರಬೇಡಿ, ಹುಕ್ಕಾಬರ್ದಾರ್ ಒಬ್ಬನನ್ನು ಬಿಟ್ಟು. ಒಬ್ಬರ ಹುಕ್ಕಾ ಕೊಳವೆಯನ್ನು ಇನ್ನೊಬ್ಬರು ದಾಟಿದರೆ ಅದು ಘೋರ ಅವಮಾನ. ಪ್ರತಿಯೊಬ್ಬರಿಗೂ ಬಾಯಿಗಿಡುವ ಸ್ವಂತ ತುದಿ, ಅದಕ್ಕೆ ಮುಹನಾಲ್ ಅಂತ ಹೆಸರು. ನಾಲ್ಕು ಜನ ಸೇರಿದರೆ ತಂಬಾಕಿಗೆ ಏನು ಬೆರೆಸಬೇಕು, ನೀರಿಗೆ ಗುಲಾಬಿ ಜಲ ಎಷ್ಟು ಅನ್ನೋದೇ ಮಾತು. ಇವತ್ತು ಜಗತ್ತಿನ ಬೇರೆ ಬೇರೆ ಮೂಲೆಯಲ್ಲಿ ಕೂತು ಮರದ ಪೈಪಿನ ಜಾತಿ, ತಂಬಾಕಿನ ಹದ ಅಂತ ರಾತ್ರಿಯೆಲ್ಲ ವಾದ ಮಾಡುವವರಿದ್ದಾರಲ್ಲ, ಅವರ ಮುತ್ತಜ್ಜಂದಿರು ಇವರೇ ಅನ್ನಬೇಕು.

ಆಮೇಲೆ ಏನಾಯಿತು? ಫ್ಯಾಷನ್ ಬದಲಾಯಿತು. 19ನೇ ಶತಮಾನದಲ್ಲಿ ಚುಟ್ಟಾ ಬಂತು. ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದು, ಆಳು ಬೇಡ, ಕೆಂಡ ಬೇಡ. ಆ ಶತಮಾನದ ಮಧ್ಯದ ಹೊತ್ತಿಗೆ ಇಂಗ್ಲಿಷರ ಮನೆಗಳಿಂದ ಹುಕ್ಕಾ ಬಹುತೇಕ ಮಾಯ. ಮುಂದೆ ಬೀಡಿ, ಸಿಗರೇಟು ಬಂದು ಉಳಿದವರ ಮನೆಯಿಂದಲೂ ಅದನ್ನು ಹೊರಗಟ್ಟಿದವು.

ಇಲ್ಲಿ ಒಂದು ಕ್ಷಣ ನಿಲ್ಲಿ. ತಲೆಮಾರುಗಳಿಂದ ಹುಕ್ಕಾ ಪಾತ್ರೆ ಮಾಡಿಕೊಂಡು ಬಂದ ಮನೆಗಳ ಸ್ಥಿತಿ ಯೋಚಿಸಿ. ಗಿರಾಕಿ ಜಗಳ ಆಡಲಿಲ್ಲ, ಬೆಲೆ ಜಾಸ್ತಿ ಅನ್ನಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದ. ಶೋಕಿದಾರನಿಗೆ ಹೊಸ ಶೋಕಿ ಸಿಕ್ಕಿತು. ಕೈಯಲ್ಲಿ ಉಳಿ ಹಿಡಿದವನಿಗೆ ಏನು ಸಿಕ್ಕಿತು?

ಅವನು ಅಳುತ್ತಾ ಕೂರಲಿಲ್ಲ. ಅದೇ ಲೋಹ, ಅದೇ ಬೆಳ್ಳಿ, ಅದೇ ಕೋಟೆ ಮಣ್ಣಿನಿಂದ ಹೂದಾನಿ ಮಾಡಿದ, ಪೆಟ್ಟಿಗೆ ಮಾಡಿದ, ತಟ್ಟೆ ಮಾಡಿದ. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಬಿದ್ರಿ ಇತ್ತು. ನಮ್ಮ ಕಾಲದಲ್ಲಿ ಕೀ ಚೈನ್, ಪೆನ್ ಡ್ರೈವ್ ಮೇಲೂ ಬಿದ್ರಿ ಹೂವು ಅರಳಿತು. 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2011ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯ ರಾಜಪಥದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಹೊರಟಿದ್ದು ಬಿದ್ರಿಯೇ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನ್ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿದಾಗ ಅಲ್ಲೂ ಬಿದ್ರಿ ಹೋಗಿತ್ತು.

ಹುಕ್ಕಾ ಹೋಗಿದ್ದಕ್ಕೆ ಮರುಗಬೇಕಾ? ಖಂಡಿತ ಬೇಡ. ನೀರಿನಲ್ಲಿ ಹಾದು ಬಂದ ಹೊಗೆ ಶುದ್ಧ ಅನ್ನೋದು 400 ವರ್ಷದ ಸುಳ್ಳು. ಒಂದು ಗಂಟೆ ಹುಕ್ಕಾ ಎಳೆದರೆ, ಒಂದು ಸಿಗರೇಟಿನಿಂದ ಒಳಗೆ ಹೋಗುವ ಹೊಗೆಯ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲೇ ಹೇಳಿದ್ದಾರೆ. ಸುವಾಸನೆ ಬೆರೆಸಿ ಕಾಲೇಜು ಹುಡುಗರಿಗೆ ಮಾರುತ್ತಿದ್ದ ಬಾರ್‌ಗಳು ಮುಚ್ಚಿದ್ದು ಒಳ್ಳೆಯದೇ. ಪರಂಪರೆ ಅಂತ ಹೇಳಿ ಅದನ್ನು ಸಮರ್ಥಿಸುವವರಿಗೆ ಒಂದು ಮಾತು: ಪರಂಪರೆ ಇದ್ದದ್ದು ಪಾತ್ರೆಯ ಹೊರಮೈ ಮೇಲೆ, ಒಳಗಿನ ಹೊಗೆಯಲ್ಲಲ್ಲ.

ನನ್ನ ತಕರಾರು ಬೇರೆ. ಸೇದಿದವರ ಹೆಸರು ನಮಗೆ ಗೊತ್ತು. ಅಸದ್ ಬೇಗ್ ಗೊತ್ತು, ಖಾನ್ ಆಲಂ ಗೊತ್ತು, ಹೇಸ್ಟಿಂಗ್ಸ್ ಮನೆಯ ಊಟದ ಕಾಗದವೂ ಗೊತ್ತು. ಹುಕ್ಕಾ ಹಿಡಿದು ಕೂತ ನವಾಬರ ಚಿತ್ರಗಳಿವೆ. ಆದರೆ ಆ ತಳಪಾತ್ರೆ ಮಾಡಿದವನು ಯಾರು? ಮ್ಯೂಸಿಯಂ ಚೀಟಿಯಲ್ಲಿ ಊರು ಇದೆ, ಶತಮಾನ ಇದೆ, ಲೋಹ ಇದೆ, ದಾನ ಕೊಟ್ಟವರ ಹೆಸರೂ ಇದೆ. ಮಾಡಿದವನ ಹೆಸರು ಇಲ್ಲ. ಹಳೆಯ ಬಿದ್ರಿಯಲ್ಲಿ ಕಸುಬುದಾರನ ಸಹಿ ಸಿಗುವುದು ತೀರಾ ಅಪರೂಪ.

ಅದಕ್ಕೇ 2023ರ ಏಪ್ರಿಲ್ ನನಗೆ ದೊಡ್ಡದಾಗಿ ಕಾಣುತ್ತೆ. ರಾಷ್ಟ್ರಪತಿ ಭವನದಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಪದ್ಮಶ್ರೀ ಸ್ವೀಕರಿಸಿದರು. ಈ ಸರ್ಕಾರದಿಂದ ತನಗೆ ಪ್ರಶಸ್ತಿ ಬರುವುದಿಲ್ಲ ಅಂದುಕೊಂಡಿದ್ದೆ ಅಂತ ಅವರು ಪ್ರಧಾನಿಗೆ ನೇರವಾಗಿ ಹೇಳಿದ ಮಾತು ದೇಶವಿಡೀ ಸುದ್ದಿಯಾಯಿತು. ರಾಜಕೀಯದವರು ಅವರವರಿಗೆ ಬೇಕಾದ ಅರ್ಥ ತೆಗೆದುಕೊಂಡರು. ಆದರೆ ಅವತ್ತು ಆ ಸಭಾಂಗಣದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಒಬ್ಬ ಬಿದ್ರಿ ಕಸುಬುದಾರನ ಹೆಸರು, ತಂದೆಯ ಹೆಸರಲ್ಲ, ದೊರೆಯ ಹೆಸರಲ್ಲ, ಅವನದೇ ಹೆಸರು. ಹಳೆಯ ಚೀಟಿಗಳಲ್ಲಿ ಖಾಲಿ ಬಿಟ್ಟಿದ್ದ ಜಾಗ ಅದು.

ಒಬ್ಬರ ಹೆಸರು ಬಂದರೆ ಸಾಕಾ? ಜಿಐ ಟ್ಯಾಗ್ ಊರಿನ ಹೆಸರನ್ನು ಕಾಪಾಡುತ್ತದೆ. ಬೆಳ್ಳಿಯ ದರ ಏರಿದಾಗ ಆ ಕುಶಲಕರ್ಮಿಯ ಅಡುಗೆಮನೆಯನ್ನು ಅದು ಕಾಪಾಡುವುದಿಲ್ಲ. ಇಡೀ ದಿನ ಬಗ್ಗಿ ಕೂತು ಕೂದಲೆಳೆಯಷ್ಟು ತಂತಿ ಕೂರಿಸುವ ಕೆಲಸಕ್ಕೆ ಮಕ್ಕಳು ಯಾಕೆ ಬರಬೇಕು ಅನ್ನೋ ಪ್ರಶ್ನೆಗೆ ಟ್ಯಾಗ್‌ನಲ್ಲಿ ಉತ್ತರ ಇಲ್ಲ. ಉತ್ತರ ಗಿರಾಕಿಯ ಹತ್ತಿರ ಇದೆ. ಹಳೆಯ ಕಾಲದ ಆ ಶೋಕಿದಾರರು ಎಷ್ಟೇ ಕೆಟ್ಟ ಚಟದವರಾಗಿರಲಿ, ಒಂದು ವಿಷಯದಲ್ಲಿ ನಮಗಿಂತ ಮೇಲು. ಅವರಿಗೆ ಒಳ್ಳೆಯ ಕೆಲಸ ಯಾವುದು, ಸುಮಾರು ಕೆಲಸ ಯಾವುದು ಅಂತ ಗೊತ್ತಿತ್ತು. ಅದಕ್ಕೆ ತಕ್ಕ ದುಡ್ಡು ಕೊಡ್ತಿದ್ದರು. ನಾವು ಶಾಲು ಹೊದಿಸುವ ಸಮಾರಂಭಕ್ಕೆ ಒಂದು ಸ್ಮರಣಿಕೆ ಬೇಕು ಅಂತ ಫೋನ್ ಮಾಡಿ, ಚೌಕಾಸಿ ಮಾಡಿ, ಅತಿಥಿಯ ಹೆಸರು ಕೆತ್ತಿಸ್ತೀವಿ. ಮಾಡಿದವರ ಹೆಸರು ಕೇಳೋದಿಲ್ಲ.

ಹಾಗಾಗಿ ಬಗದಲ್‌ನವರಾಗಲಿ ಬೆಂಗಳೂರಿನವರಾಗಲಿ, ಮುಂದಿನ ಸಲ ಬೀದರಿನಲ್ಲಿ ಬಿದ್ರಿ ಕೊಂಡರೆ ಎರಡು ಕೆಲಸ ಮಾಡಿ. ತಿರುಗಿಸಿ ನೋಡಿ, ತಳದಲ್ಲಿ ಹೆಸರಿದೆಯಾ ಅಂತ. ಇಲ್ಲದಿದ್ದರೆ ಮಾಡಿದವರ ಹೆಸರು ಕೇಳಿ ಬರೆಸಿಕೊಳ್ಳಿ. 300 ವರ್ಷದ ನಂತರ ಯಾವುದೋ ಮ್ಯೂಸಿಯಂನಲ್ಲಿ ಆ ಚೀಟಿ ಬರೆಯುವವರಿಗೆ ಕೆಲಸ ಸುಲಭವಾಗಲಿ.